ಎರಡು ಕಡೆಯ ಎಲೆ ಅಡಿಕೆ

“ಇದನ್ನ ಸಮವಾಗಿ ಎಲ್ಡು ತುಂಡು ಮಾಡ್ಕೊಡು ಸಾಮಿ” ಎಂದು ಒಬ್ಬ ಅಜ್ಜಿ ಓಟಿನ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟಳು.

ಅದು ನಮ್ಮ ಮೊದಲ ಮಹಾಚುನಾವಣೆ. ಹಿಂದೂಪುರದ ಮೇಷ್ಟರಾದ ನನ್ನನ್ನು ಕಲ್ಯಾಣದುರ್ಗದ ಕಡೆಯ ಹಳ್ಳಿಯೊಂದರ ಮತಗಟ್ಟೆಗೆ ಹಾಕಿದ್ದರು. ಪರದೆಯ ಹಿಂದೆ ಮೂವರು ಅಭ್ಯರ್ಥಿಗಳಿಗೆ ಮೂರು ಪೆಟ್ಟಿಗೆ. ಬೇಕಾದವರ ಪೆಟ್ಟಿಗೆಯೊಳಗೆ ಚೀಟಿ ಹಾಕಬೇಕು. ಅವರಲ್ಲಿ ಇಬ್ಬರು ಅಜ್ಜಿಯ ಮನೆಗೆ ಬಂದು ಎಲೆ ಅಡಿಕೆ ಕೊಟ್ಟಿದ್ದರಂತೆ. ಆ ಕಡೆ ಎಲೆ ಅಡಿಕೆ ತೆಗೆದುಕೊಂಡರೆ ಮಾತು ಕೊಟ್ಟಂತೆಯೇ. ಅಜ್ಜಿ ಇಬ್ಬರಿಂದಲೂ ತೆಗೆದುಕೊಂಡಿದ್ದಳು.

ಹರಿದ ಚೀಟಿ ಯಾರಿಗೂ ಸೇರುವುದಿಲ್ಲ ಎಂದೆ. ಓಟು ಗುಟ್ಟಾಗಿರುತ್ತದೆ, ಯಾರಿಗೆ ಹಾಕಿದರೂ ಒಬ್ಬರಿಗೂ ಗೊತ್ತಾಗುವುದಿಲ್ಲ ಎಂದು, ನಮಗೆ ಹೇಳಿಕೊಟ್ಟಿದ್ದನ್ನು ಪಾಠದಂತೆ ಒಪ್ಪಿಸಿದೆ.

“ನಂಗೆ ಗೊತ್ತಾಯ್ತದಲ್ಲ” ಎಂದಳು.

ಹಿಂದೆ ಸಾಲು ಬೆಳೆಯುತ್ತಿತ್ತು. ಅಜ್ಜಿ ಚೀಟಿ ಎತ್ತಿಕೊಂಡು ಪರದೆಯ ಹಿಂದೆ ಹೋದಳು. ಹೊರಬಂದವಳು ನಾನು ಕೇಳದೆಯೇ, ಇಡೀ ಸಾಲಿಗೆ ಕೇಳಿಸುವಂತೆ ಹೇಳಿದಳು: “ಮೂರ್ನೇಯೋನ್ಗೆ ಹಾಕ್ಬುಟ್ಟೆ ಕಣಪ್ಪ. ಅವ್ನು ನಮ್ಮನೆ ತಾವ ಬಂದೇ ಇಲ್ಲ.”

ಅದಕ್ಕೆ ಕೆಲವು ದಿನ ಮೊದಲು ಹಿಂದೂಪುರದಲ್ಲಿ ನಾನೂ ಇಬ್ಬರ ಎಲೆ ಅಡಿಕೆ ಹಾಕಿಕೊಂಡು, ಇಬ್ಬರಿಗೂ ‘ಆಗಲಿ’ ಎಂದು, ಒಬ್ಬರಿಗೆ ಓಟು ಹಾಕಿ ಬಂದಿದ್ದೆ. ಇಬ್ಬರೂ ಈಗಲೂ ಪೇಟೆಯಲ್ಲಿ ಸಿಕ್ಕಾಗ ನನಗೆ ಕೈ ಮುಗಿಯುತ್ತಾರೆ. ಓಟಿನ ಗುಟ್ಟು ಅಷ್ಟು ಭದ್ರವಾಗಿದೆ. ಆ ಇನ್ನೊಬ್ಬರು ಎದುರಿಗೆ ಬರುವುದು ಕಂಡರೆ ಮಾತ್ರ ನಾನು ಬೀದಿಯ ಆ ಬದಿಗೆ ಹೋಗಿಬಿಡುತ್ತೇನೆ.