ಹಿಸ್ಸೆಯಾಗದ ಸಂಖ್ಯೆ

ರಾಜೇಶ್ವರಮ್ಮ ಜಂಭದ ಹೆಂಗಸು. ಶಿಕಾರಿಪುರದಲ್ಲಿ ಎಲ್ಲರೂ ಹಾಗೆನ್ನುತ್ತಿದ್ದರು, ಅವರೂ ಒಪ್ಪುತ್ತಿದ್ದರು. ಜಂಭದಲ್ಲೂ ತನ್ನನ್ನು ಮೀರಿಸುವವರು ತಾಲ್ಲೂಕಿನಲ್ಲಿಲ್ಲ ಎಂಬುದು ಅವರ ಇನ್ನೊಂದು ಜಂಭ.

ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಈಕೆಗೆ ಒಂದು ಸಾಲು ಸಿಕ್ಕಿತ್ತು: 31, 331, 3331. ಹೀಗೆ ಮೂರುಗಳನ್ನು ಬೆಳೆಸುತ್ತ ಕೊನೆಗೆ ಒಂದನ್ನಿಟ್ಟರೆ ಬರುವುದೆಲ್ಲ ಅವಿಭಾಜ್ಯ ಎಂಬುದು ಅವರ ಶೋಧ. ಒಂದು ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದೂ ಅದನ್ನು ಶೇಷವಿಲ್ಲದೆ ಭಾಗಿಸದು. ಏಳು ಸಂಖ್ಯೆಗಳನ್ನು ಕೈಲೆಕ್ಕದಲ್ಲೇ ಪರೀಕ್ಷಿಸಿದ್ದರು. ಏಳನೆಯದೊಂದೇ ಎರಡು ಬೇಸಿಗೆ ರಜೆ ನುಂಗಿತ್ತು. ಎಂಟನೆಯದನ್ನು ಮುಟ್ಟಲಿಲ್ಲ. ತಾನು ಹೇಳಿದ ಮೇಲೆ ಅದು ಎದುರಾಡಲಾರದು ಎಂಬ ಭರವಸೆ.

1976ರಲ್ಲಿ ಸೊರಬದ ಶಿಕ್ಷಕರ ಸಭೆಗೆ ಇದೇ ಶೋಧದ ಬಗ್ಗೆ ಮಾತಾಡಲು ಕರೆದರು. ಬಸ್ಸಿನಲ್ಲಿ ಭಾಷಣದ ಹಾಳೆ ಬಿಡಿಸಿದರೆ, ಪಕ್ಕದಲ್ಲಿ ಕೂತ ಹೆಂಗಸು ಬಗ್ಗಿ ನೋಡಿದಳು. ಹೆಸರು ಹಾಲಮ್ಮ, ಊರು ಜಡೆ ಎಂದು ತಾನೇ ಹೇಳಿಕೊಂಡಳು; ತಾಲ್ಲೂಕು ಕಚೇರಿಗೆ ಹೊರಟಿದ್ದವಳು.

"ಯಾವೂರಿನ ಸರ್ವೆ ನಂಬರ್ ರೀ ಅಕ್ಕೋರೆ? ಭಾಳ ಉದ್ದ ಐತಲ್ಲ?"

"ಸರ್ವೆ ನಂಬರ್ ಅಲ್ಲಮ್ಮ. ಹಿಸ್ಸೆ ಮಾಡೋಕೆ ಬರದೇ ಇರೋ ಸಂಖ್ಯೆ."

"ನಮ್ಮ ಮಾವಾರೂ ಹಂಗೇ ಅಂತಿದ್ರು, ಈ ಜಮೀನು ಹಿಸ್ಸೆ ಆಗಂಗಿಲ್ಲ ಅಂತ. ಅವರು ಕಣ್ಣು ಮುಚ್ಚಿದ್ದೇ ತಡ, ಹದಿನೇಳು ಹಿಸ್ಸೆ! ನಿಮ್ಮದಕ್ಕೂ ಹದಿನೇಳು ಹಾಕಿ ನೋಡ್ರಿ."

ಅವಳ ಬಾಯಿ ಮುಚ್ಚಿಸಲೆಂದೇ ರಾಜೇಶ್ವರಮ್ಮ ಎಂಟನೆಯ ಸಂಖ್ಯೆ 333333331 ಬರೆದು, ಹದಿನೇಳರಿಂದ ಭಾಗಿಸಿದರು. ಕೊನೆಗೆ ಐವತ್ತೊಂದು ಉಳಿಯಿತು. ಹದಿನೇಳು ಮೂರ್ಲೆ ಐವತ್ತೊಂದು. ಶೇಷ ಸೊನ್ನೆ. ಬಸ್ಸು ಕುಲುಕಿದ್ದರಿಂದ ತಪ್ಪಾಗಿರಬೇಕೆಂದು ಮತ್ತೆ ಮಾಡಿದರು. ಬಸ್ಸು ಕುಲುಕಿತು, ಹದಿನೇಳು ಕುಲುಕಲಿಲ್ಲ.

"ಏನಾತ್ರೀ?"

"ಹಿಸ್ಸೆ ಆಯ್ತು."

"ಆಗೇ ಆಗ್ತತಿ. ಅಳಬ್ಯಾಡ್ರಿ, ನಾನೂ ಅತ್ತಿದ್ದೆ."

ಸಭೆಯಲ್ಲಿ ಮುಖ್ಯೋಪಾಧ್ಯಾಯ ಸದಾಶಿವಪ್ಪನವರು, "ಮೇಡಂ ಲೆಕ್ಕ ತಪ್ಪಿದ್ದನ್ನ ಕಂಡವರಿಲ್ಲ" ಎಂದು ಪರಿಚಯಿಸಿದರು. ಏಳನೆಯದಕ್ಕೇ ನಿಲ್ಲಿಸಿದರೆ ಯಾರಿಗೂ ತಿಳಿಯದು. ಚಪ್ಪಾಳೆ, ಕಾಫಿ, ಸಂಜೆಯ ಬಸ್ಸು. ಏಳನ್ನೂ ಬರೆದರು. ಸೀಮೆಸುಣ್ಣ ಕೆಳಗಿಡಲು ಕೈ ಚಾಚಿಯೂ ಚಾಚಿದರು. ಆದರೆ ಸುಳ್ಳು ಲೆಕ್ಕವನ್ನು ಬೋರ್ಡಿನ ಮೇಲೆ ಬಿಟ್ಟು ಹೋಗುವುದೂ ಅವರ ಜಂಭಕ್ಕೆ ಒಗ್ಗದ ಮಾತು. ಎಂಟನೆಯದನ್ನು ಬರೆದು, ಪಕ್ಕದಲ್ಲಿ 17 × 19607843 ಎಂದು ಬರೆದರು.

"ಈ ಸಾಲು ಇಲ್ಲಿ ಮುರಿಯುತ್ತೆ. ಎಲ್ಲವೂ ಅವಿಭಾಜ್ಯ ಅಂತ ನಾನು ಹೇಳಿದ್ದು ತಪ್ಪು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸದಾಶಿವಪ್ಪನವರು ಥಟ್ಟನೆ ಎದ್ದು ಮರ್ಯಾದೆ ಉಳಿಸಲು ನೋಡಿದರು: "ತಪ್ಪು ಅಂದ್ರೇನಾತ್ರೀ! ಹದಿನೇಳನ್ನ ಹುಡುಕಿದವರೂ ಮೇಡಂ ಅವರೇ ಅಲ್ವೇನ್ರೀ?"

ಚಪ್ಪಾಳೆ ಶುರುವಾಯಿತು. ಹೌದೆಂದು ತಲೆಯಾಡಿಸಲು ರಾಜೇಶ್ವರಮ್ಮನವರ ಕುತ್ತಿಗೆ ಸಿದ್ಧವಾಗಿಯೇ ಇತ್ತು. ಅವರು ಬೋರ್ಡಿನ ಕಡೆ ತಿರುಗಿ, 17ರ ಕೆಳಗೆ ದುಂಡಗೆ ಬರೆದರು: ಹಾಲಮ್ಮ, ಜಡೆ.