ಸ್ಪಂಜಿನ ಕಾವಲುಗಾರ

ಬೈಲಹೊಂಗಲದ ನಿಜಗುಣಪ್ಪ ಮನೆಮಂದಿಗೆಲ್ಲ ನೇರ ನಲ್ಲಿಯ ನೀರು ಕುಡಿಸುತ್ತಾನೆ; ತನ್ನ ಮೀನುಗಳ ಗಾಜಿನ ತೊಟ್ಟಿಗೆ ಮಾತ್ರ, ಬ್ಲೀಚಿಂಗ್ ವಾಸನೆ ಹಾರಿಹೋಗಲೆಂದು ದಿನವಿಡೀ ಕೊಡಗಳಲ್ಲಿ ತೆರೆದಿಟ್ಟ ನೀರೇ ಆಗಬೇಕು. ಫಿಲ್ಟರಿನ ಗುರುಗುರು ಸದ್ದು ತುಸು ಬದಲಾದರೂ ಸಾಕು, ಊಟದ ತಾಟು ಬಿಟ್ಟು ರಣರಂಗಕ್ಕೆ ಧಾವಿಸುವ ದಂಡನಾಯಕನಂತೆ ಎದ್ದೋಡುತ್ತಾನೆ. ಅಮಾವಾಸ್ಯೆ ಬಂತೆಂದರೆ, ಅಂದು ಮನೆಯನ್ನೆಲ್ಲ ತಿಕ್ಕಿ ತೊಳೆಯುವ ತಾಯಿ ಕೆಂಚವ್ವನ ಕಣ್ಣಿಗೆ ಫಿಲ್ಟರಿನ ಕಂದು ಸ್ಪಂಜು ಬೀಳಬಾರದೆಂದು ತೊಟ್ಟಿಗೆ ಬೆನ್ನು ಕೊಟ್ಟು ಕೂತುಬಿಡುತ್ತಾನೆ. "ಅಷ್ಟ ಹೊಲಸ ಆಗೇತಿ, ತೊಳೀಬಾರದೇನ್ರಿ?" ಎಂದು ಹೆಂಡತಿ ನಾಗರತ್ನಾ ಕೇಳಿದರೆ, "ಏ, ಹೊಲಸಲ್ಲ ಅದು. ನೀರ ಶುದ್ಧ ಇಡೋ ಜೀವಾಣು ಅದರಾಗ ಅದಾವು. ತೊಟ್ಟಿ ನೀರಾಗಷ್ಟ ಹಿಂಡಬೇಕು" ಎಂದು ಪಿಸುಗುಡುತ್ತಾನೆ. ಪಿಸುಗುಡಲು ಕಾರಣವಿದೆ. ಕಳೆದ ದೀಪಾವಳಿಯಲ್ಲಿ ಕೆಂಚವ್ವ, ಮಗನಿಗೊಂದು ಕೆಲಸ ಕಡಿಮೆಯಾಗಲೆಂದು, ಆ ಸ್ಪಂಜಿಗೆ ಸಾಬೂನು ಹಚ್ಚಿ ಬೆಳ್ಳಗೆ ತಿಕ್ಕಿಟ್ಟಿದ್ದಳು. ನೀರು ಕೆಟ್ಟು, ಅವಳೇ ಹೆಸರಿಟ್ಟು ಕರೆಯುತ್ತಿದ್ದ ಮೀನುಗಳೆಲ್ಲ ಸತ್ತವು. ಅಳುತ್ತಿದ್ದ ಅವ್ವನಿಗೆ ಅವನು, ತಾನೇ ಕಾಳು ಹೆಚ್ಚು ಹಾಕಿ ಕೊಂದೆನೆಂದು ಹೇಳಿಬಿಟ್ಟ. ಅಂದಿನಿಂದ ಅವನು ಮೀನಿನ ಕಾಳಿನ ಡಬ್ಬಿ ಮುಟ್ಟಿದರೆ ಸಾಕು, "ಕೈ ಹಿಡದ ಹಾಕೋ! ಮೊದಲಿನ ಮೀನ ಕೊಂದಾಂವ ನೀನ ಅದಿ" ಎಂದು ಅಡುಗೆಮನೆಯಿಂದ ಗುಡುಗು ಕೇಳಿಸುತ್ತದೆ. "ಹೂಂ ಬೇ ಯವ್ವಾ" ಎಂದು ನಿಜಗುಣಪ್ಪ, ಅವಳಿಗೆ ಕಾಣುವಂತೆ, ಒಂದು ಕಾಳನ್ನು ಮರಳಿ ಡಬ್ಬಿಗೆ ಹಾಕುತ್ತಾನೆ.