ಅಲೆ ಏರಿದ ಊಟದ ಮಣೆ

ಸಿನಿಮಾ ಶುರುವಾಗುವ ಮೊದಲು ತೋರಿಸುತ್ತಿದ್ದ ಸಣ್ಣ ಚಿತ್ರಗಳೆಂದರೆ ನನಗೆ ತಲೆನೋವು. ಒಂದು ಅಣೆಕಟ್ಟು, ಒಬ್ಬ ಮಂತ್ರಿ, ಒಂದು ಭಾಷಣ. ಅಷ್ಟು ಹೊತ್ತು ನಾನು ಕಡಲೆಕಾಯಿ ಸುಲಿಯುತ್ತಿದ್ದೆ. ಆ ಭಾನುವಾರ ಮಾತ್ರ ಪಕ್ಕದಲ್ಲಿದ್ದ ಅತ್ತೆ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದರು. ಪರದೆಯ ಮೇಲೆ ಯಾವುದೋ ದ್ವೀಪದ ಜನ ಉದ್ದನೆಯ ಹಲಗೆಗಳ ಮೇಲೆ ನಿಂತು, ಮನೆಯೆತ್ತರದ ಅಲೆಗಳಿಂದ ಜಾರಿ ಬರುತ್ತಿದ್ದರು.

ಮಲ್ಪೆಯ ಹತ್ತಿರದ ತವರಿನಲ್ಲಿ ತಾನೂ ತನ್ನ ಅಕ್ಕನೂ ಹೀಗೇ ಆಡುತ್ತಿದ್ದೆವೆಂದು ಹೊರಗೆ ಬಂದ ಮೇಲೆ ಅತ್ತೆ ಹೇಳಿದರು. ನಿಂತುಕೊಂಡಲ್ಲ, ಊಟದ ಮಣೆಯ ಮೇಲೆ ಬೋರಲು ಬಿದ್ದು. ನನ್ನ ಗಂಡ ನಕ್ಕುಬಿಟ್ಟರು. ಆ ಚಿತ್ರವೇ ಕ್ಯಾಮೆರಾ ಟ್ರಿಕ್ಕು, ಇನ್ನು ನಿನ್ನ ಮಣೆಯ ಕಥೆ ಯಾರು ನಂಬುತ್ತಾರೆ ಎಂದರು. ಅತ್ತೆ ಸೆರಗು ಹೊದ್ದು ಮುಂದೆ ನಡೆದರು. ಮುಂಬಯಿಯ ವಡಾಲದಲ್ಲಿದ್ದ ನಮ್ಮ ಚಾಳಿನ ಮೆಟ್ಟಿಲು ಹತ್ತುವಾಗಲಾಗಲಿ, ಮರುದಿನ ಅನ್ನ ಬಡಿಸುವಾಗಲಾಗಲಿ ಆ ಮಣೆಯ ಮಾತನ್ನು ಮತ್ತೆ ಎತ್ತಲಿಲ್ಲ. ಮಾವ ತೀರಿಕೊಂಡ ಮೇಲೆ ಮಗನ ಮನೆಗೆ ಬಂದ ಆಕೆ ಯಾವತ್ತೂ ಏನನ್ನೂ ಕೇಳಿದವರಲ್ಲ. ಇದ್ದದ್ದು ಒಂದು ಬಾಲ್ಯ, ಅದನ್ನೂ ಮಗ ಸುಳ್ಳು ಮಾಡಿದ್ದ. ನನಗೆ ಗಂಡನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಎಳ್ಳಮಾವಾಸ್ಯೆಗೆ ಸಮುದ್ರಸ್ನಾನ ಮಾಡುವುದು ಅತ್ತೆಯ ಕಡೆಯ ಪದ್ಧತಿ. ನಾನು ಅದನ್ನೇ ನೆಪ ಮಾಡಿಕೊಂಡೆ. ಪುಣ್ಯದ ಕೆಲಸಕ್ಕೆ ಬೇಡ ಎನ್ನುವ ಧೈರ್ಯ ಯಾವ ಮಗನಿಗಿದೆ? ಮೂವರೂ ಜುಹೂಗೆ ಹೊರಟೆವು. ಅತ್ತೆಯ ಮಣೆಯನ್ನು ನಾನೇ ಪಂಚೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಲೋಕಲ್ ರೈಲಿನಲ್ಲಿ ಎದುರು ಕೂತಿದ್ದ ಮರಾಠಿ ಹೆಂಗಸು ಯಾರ ಮನೆಯಲ್ಲಿ ಪೂಜೆ ಎಂದು ವಿಚಾರಿಸಿದಳು. ಸಮುದ್ರರಾಜನ ಮನೆಯಲ್ಲಿ ಎಂದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ನೀರಿನ ಅಂಚಿಗೆ ಬಂದಾಗ ನನ್ನ ಜಂಬವೆಲ್ಲ ಮುಗಿಯಿತು. ನಾನು ಮೈಸೂರಿನವಳು, ಸಮುದ್ರ ಕಂಡದ್ದೇ ಮದುವೆಯಾದ ಮೇಲೆ. ಪಾದ ಒದ್ದೆಯಾದರೂ ಹಿಂದೆ ಸರಿಯುತ್ತಿದ್ದೆ. ಆದರೆ ಈ ಆಟಕ್ಕೆ ಇನ್ನೊಬ್ಬರು ಬೇಕೇ ಬೇಕು: ಹಿಂದಿನಿಂದ ಹಿಡಿದು, ಅಲೆ ಬಂದ ಹೊತ್ತಿಗೆ ಬಿಡಲು. ತವರಿನಲ್ಲಿ ಅದು ಅತ್ತೆಯ ಅಕ್ಕನ ಕೆಲಸವಾಗಿತ್ತು, ಆ ಅಕ್ಕ ಈಗಿಲ್ಲ. ಸೊಂಟದವರೆಗೆ ನೀರಿಗಿಳಿದೆ. ಅತ್ತೆ ಸೀರೆಯನ್ನು ಕಚ್ಚೆ ಕಟ್ಟಿ, ಮಣೆಯನ್ನು ಬುಡಮೇಲು ಮಾಡಿ, ಅದರ ಅಡಿಯ ಎರಡು ಪಟ್ಟಿಗಳನ್ನು ಹಿಡಿಕೆಯಂತೆ ಹಿಡಿದು ಎದೆಗೊತ್ತಿಕೊಂಡರು. ಅಷ್ಟು ಸಲೀಸಾಗಿ ಹಿಡಿದದ್ದು ನೋಡಿದಾಗಲೇ ನನಗೆ ಎಲ್ಲವೂ ನಿಜವೆಂದು ಗೊತ್ತಾಯಿತು.

ಮೊದಲ ಅಲೆಗೆ ನಾನು ಬಿಡಲೇ ಇಲ್ಲ. ಹೆದರಿ ಆಕೆಯ ಸೊಂಟವನ್ನು ಅಪ್ಪಿಕೊಂಡೆ. ಇಬ್ಬರ ಮೂಗಿಗೂ ಉಪ್ಪುನೀರು ಹೊಕ್ಕಿತು.

“ಹಿಡ್ಕೊಂಡ್ರೆ ಇಬ್ರೂ ಮುಳುಗ್ತೇವೆ ಮಾರಾಯ್ತಿ,” ಎಂದರು ಅತ್ತೆ ಕೆಮ್ಮುತ್ತಲೇ. “ಅಲೆ ಎತ್ತಿದ ಕೂಡ್ಲೇ ಬಿಡು.”

ಎರಡನೆಯದಕ್ಕೆ ಬಿಟ್ಟೆ. ಅತ್ತೆ ಹೋದರು! ನೀರಲ್ಲಿ ನಿಂತು ಅರ್ಘ್ಯ ಬಿಡುತ್ತಿದ್ದವರ ನಡುವಿನಿಂದ, ಬಿಳಿ ನೊರೆಯ ಮುಂದೆ ಮುಂದೆ, ಒಣಬಟ್ಟೆ ಹಿಡಿದು ನಿಂತಿದ್ದ ಮಗನ ಕಾಲಬುಡದವರೆಗೂ ಹೋದರು. ನನ್ನ ಗಂಡ ಒಣಬಟ್ಟೆಯನ್ನೆಲ್ಲ ಒದ್ದೆ ಮರಳಿನ ಮೇಲೆ ಬಿಟ್ಟು ತಾಯಿಯನ್ನು ಎಬ್ಬಿಸಿದರು. ನಾನು ಹತ್ತಿರ ಬಂದಾಗ ಗಂಡನ ದನಿ ಸಣ್ಣದಾಗಿತ್ತು.

“ಅಮ್ಮ, ಇನ್ನೊಮ್ಮೆ ಹೋಗ್ತೀಯಾ? ಈ ಸಲ ನಾನು ಹಿಡೀತೇನೆ.”

ಅತ್ತೆಯ ಮುಖ ಅರಳಿತು. ಮಗ ನಂಬಿದ್ದ, ಆಕೆಗೆ ಅಷ್ಟು ಸಾಕಾಗಿತ್ತು. ಆದರೆ ಮಣೆಯನ್ನು ನನ್ನ ಕೈಗಿತ್ತು, ಈಗ ಇವಳ ಸರದಿ ಎಂದರು. ನಾನು ಮಣೆಯನ್ನು ಎದೆಗೊತ್ತಿಕೊಂಡು ಆಕೆಯ ಜೊತೆ ನೀರಿಗಿಳಿದೆ.

ಆಮೇಲೆ ಬದುಕಿನಲ್ಲಿ ಹೆದರುವಂಥದ್ದು ಬಹಳ ಬಂತು. ಆಗೆಲ್ಲ ಆ ಮಹಾತಾಯಿಯನ್ನು ನೆನೆದು ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ಅವತ್ತು ನನ್ನ ಬೆನ್ನ ಮೇಲೆ ಅತ್ತೆಯ ಅಂಗೈ ಇತ್ತು. ಅದು ಯಾವಾಗ ಬಿಟ್ಟಿತೋ ತಿಳಿಯಲಿಲ್ಲ. ಹೆದರಿಕೆ ಬರುವಷ್ಟರಲ್ಲಿ ನಾನು ದಡದಲ್ಲಿದ್ದೆ.